ಬಟ್ಟಲೊಂದು, ವಂಶ ಹಲವು

ಮಳೆಗಾಲದ ನಡುವೆ ಮಲೆನಾಡಿನ ಕಾಡಿನಲ್ಲಿ ಬಿದ್ದ ಟೊಂಗೆಗಳನ್ನು ನೋಡುತ್ತ ನಡೆದರೆ ಒಂದಲ್ಲ ಒಂದು ದಿನ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಕೊಳೆತು ಕಪ್ಪಾದ ಕಟ್ಟಿಗೆಯ ಮೇಲೆ ಸಣ್ಣ ಕಾಲು, ಕಾಲಿನ ತುದಿಯಲ್ಲಿ ಗುಲಾಬಿ ಬಣ್ಣದ ಬಟ್ಟಲು, ಬಟ್ಟಲಿನ ಹೊರಮೈ ತುಂಬ ಉದ್ದುದ್ದ ರೋಮ. ಒಳಗೆ ನಾಲ್ಕು ಹನಿ ಮಳೆನೀರು. ಕುಕೀನಾ ಟ್ರೈಕೊಲೋಮಾ ಎಂಬುದು ಅದರ ಶಾಸ್ತ್ರೀಯ ಹೆಸರು. ಲಂಡನ್ನಿನ ಇಂಡಿಯಾ ಮ್ಯೂಸಿಯಮ್ಮಿನಲ್ಲಿದ್ದುಕೊಂಡು ನಮ್ಮ ದೇಶದಿಂದ ಹೋದ ಅಣಬೆಗಳನ್ನು ಗುರುತಿಸುತ್ತಿದ್ದ ಎಂ.ಸಿ. ಕುಕ್ ಅವರ ನೆನಪಿಗೆ ಆ ಕುಲಕ್ಕೆ ಈ ಹೆಸರು.

ಮೊದಲ ಸಲ ಕಂಡಾಗ ನಾನು ಮಂಡಿಯೂರಿ ಕುಳಿತು, ನೀರಿಲ್ಲದ ಒಂದು ಬಟ್ಟಲಿನೊಳಕ್ಕೆ ಮೆಲ್ಲಗೆ ಉಸಿರು ಬಿಟ್ಟೆ. ಒಂದೆರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ಊದುಬತ್ತಿಯ ಹೊಗೆಯಂಥದ್ದೊಂದು ಬಿಳಿ ಎಳೆ ಬಟ್ಟಲಿನಿಂದ ಎದ್ದು, ಗಾಳಿಯಲ್ಲಿ ಒಮ್ಮೆ ತಿರುಗಿ, ಕರಗಿಹೋಯಿತು. ಅದು ಬೀಜಾಣುಗಳ ಮೋಡ. ಬಟ್ಟಲಿನ ಒಳಮೈಗೆ ನೆಯ್ದಂತೆ ಒತ್ತೊತ್ತಾಗಿ ಸಾವಿರಾರು ಸಣ್ಣ ಚೀಲಗಳು ನಿಂತಿರುತ್ತವೆ. ಸಾಮಾನ್ಯವಾಗಿ ಒಂದೊಂದು ಚೀಲದಲ್ಲಿ ಎಂಟು ಬೀಜಾಣು. ನೀರಿನ ಒತ್ತಡದಿಂದ ಬಿಗಿದು ನಿಂತ ಚೀಲಗಳಿಗೆ ಸ್ವಲ್ಪ ಗಾಳಿ ತಾಗಿದರೆ ಸಾಕು, ಒಟ್ಟಿಗೆ ಸಿಡಿಯುತ್ತವೆ. ಒಂದು ಬೀಜಾಣು ತಾನೊಂದೇ ಹಾರಿದರೆ ಕೆಲವೇ ಮಿಲಿಮೀಟರಿನಲ್ಲಿ ನಿಂತುಬಿಡುತ್ತದೆ. ಸಾವಿರಾರು ಒಟ್ಟಿಗೆ ಹಾರಿದಾಗ ತಮ್ಮದೇ ಒಂದು ಗಾಳಿಯನ್ನು ಎಬ್ಬಿಸಿಕೊಂಡು ಬಹಳ ಮೇಲಕ್ಕೆ ಹೋಗುತ್ತವೆ. ಸ್ಕ್ಲೆರೊಟಿನಿಯಾ ಎಂಬ ಇನ್ನೊಂದು ಬಟ್ಟಲು ಅಣಬೆಯಲ್ಲಿ ಇದನ್ನು ಅಳೆದು ತೋರಿಸಿದ್ದು 2010ರಲ್ಲಿ.

ಬಟ್ಟಲು ಅಂದರೆ ಹೀಗೆ ಒಂದು ಉಪಕರಣ. ಈ ಉಪಕರಣ ಯಾರ್ಯಾರ ಬಳಿ ಇದೆಯೋ ಅವರೆಲ್ಲ ಒಂದೇ ಮನೆತನದವರೇ? ಇನ್ನೂರು ವರ್ಷ ಅಣಬೆ ವಿಜ್ಞಾನ ಹೌದು ಎಂದೇ ನಂಬಿ ನಡೆಯಿತು. ಕಳೆದ ಮೂವತ್ತೈದು ವರ್ಷಗಳಲ್ಲಿ ಡಿಎನ್ಎ ಆ ನಂಬಿಕೆಯನ್ನು ಒಂದೊಂದೇ ಎಳೆಯಾಗಿ ಬಿಚ್ಚಿದೆ. ಬಿಚ್ಚಿದ ಮೇಲೆ ಸಿಕ್ಕಿರುವ ಕಥೆ ಮೊದಲಿನದಕ್ಕಿಂತ ಎಷ್ಟೋ ಸ್ವಾರಸ್ಯದ್ದು.

ಹತ್ತೊಂಬತ್ತನೇ ಶತಮಾನದಲ್ಲಿ ಸ್ವೀಡನ್ನಿನ ಎಲಿಯಾಸ್ ಫ್ರೀಸ್ ಅಣಬೆಗಳಿಗೆ ಶಾಸ್ತ್ರೀಯ ಚೌಕಟ್ಟು ಹಾಕಿಕೊಟ್ಟಾಗ ಅವನ ಕೈಯಲ್ಲಿದ್ದ ಆಧಾರ ಆಕಾರ, ಬಣ್ಣ, ರೋಮ, ಬೆಳೆಯುವ ಜಾಗ ಇಷ್ಟೇ. ಬಟ್ಟಲಿನಂತೆ ಇದ್ದದ್ದೆಲ್ಲ ಹೆಚ್ಚುಕಡಿಮೆ ಪೆಜೈಜಾ ಎಂಬ ಒಂದೇ ಕುಲಕ್ಕೆ ಹೋಗಿ ಬಿದ್ದಿತು. ಮನೆಯ ಅಟ್ಟದಲ್ಲಿ ಎಲ್ಲವನ್ನೂ ತುಂಬಿದ ಟ್ರಂಕಿನ ಹಾಗೆ ಆ ಕುಲ ಉಬ್ಬಿತು. ಇದಕ್ಕೊಂದು ಒಳ್ಳೆಯ ಗೆರೆ ಎಳೆದವನು ಫ್ರಾನ್ಸಿನ ಎಮಿಲ್ ಬೂದಿಯೆ. ಔಷಧಿ ಅಂಗಡಿ ನಡೆಸುತ್ತಿದ್ದ ಮನುಷ್ಯ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದ. ಬೀಜಾಣು ಚೀಲ ತೆರೆದುಕೊಳ್ಳುವ ರೀತಿಯನ್ನು ನೋಡಿ ಎಂದ ಅವನು. ಕೆಲವುಗಳಲ್ಲಿ ಚೀಲದ ತುದಿಗೆ ಡಬ್ಬಿಯ ಮುಚ್ಚಳದಂಥ ಒಂದು ಮುಚ್ಚಳವಿದೆ, ಅದು ಪಟ್ಟನೆ ಎದ್ದುಕೊಳ್ಳುತ್ತದೆ. ಉಳಿದವುಗಳಲ್ಲಿ ಮುಚ್ಚಳವಿಲ್ಲ, ತುದಿಯಲ್ಲೊಂದು ಸಣ್ಣ ರಂಧ್ರ ಬಿರಿಯುತ್ತದೆ ಅಷ್ಟೇ. 1885ರಲ್ಲಿ ಅವನು ಈ ಗುಣದ ಮೇಲೆ ಬಟ್ಟಲು ಅಣಬೆಗಳನ್ನು ಎರಡು ಪಾಲು ಮಾಡಿದ. ನೂರು ವರ್ಷದ ನಂತರ ಡಿಎನ್ಎ ಬಂದು ನೋಡಿದಾಗ ಮುಚ್ಚಳದ ಗೆರೆ ಬಹುಪಾಲು ಸರಿಯಾಗಿಯೇ ಇತ್ತು. ಪೆಜೈಜೇಲಿಸ್ ಎಂಬ ಗಣ ಇವತ್ತಿಗೂ ಆ ಮುಚ್ಚಳದವರ ಮನೆ. ಬರಿಗಣ್ಣಿಗೆ ಎದ್ದು ಕಾಣುವ ಆಕಾರವನ್ನು ಬಿಟ್ಟು, ಯಾರೂ ಲೆಕ್ಕಕ್ಕಿಡದ ಒಂದು ಮುಚ್ಚಳವನ್ನು ಹಿಡಿದ ಅವನ ದೃಷ್ಟಿಗೆ ನಾನು ಕೈಮುಗಿಯುತ್ತೇನೆ.

ಡಿಎನ್ಎ ಓದುವ ಕೆಲಸ ಅಣಬೆ ತಜ್ಞರ ಮೇಜಿಗೆ ಬಂದದ್ದು 1990ರ ಸುಮಾರಿಗೆ. ಆ ವರ್ಷ ಟಾಮ್ ವೈಟ್, ಟಾಮ್ ಬ್ರನ್ಸ್ ಮತ್ತು ಸಂಗಡಿಗರು ರೈಬೋಸೋಮ್ ಜೀನುಗಳನ್ನು ಪಿಸಿಆರ್ ಯಂತ್ರದಲ್ಲಿ ಹೆಚ್ಚಿಸಲು ಬೇಕಾದ ಪ್ರೈಮರುಗಳನ್ನು ಪ್ರಕಟಿಸಿದರು. ರೈಬೋಸೋಮ್ ಜೀನನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದು ಪ್ರತಿ ಜೀವಕೋಶದಲ್ಲಿ ಒಂದರ ಹಿಂದೊಂದು ಹತ್ತಾರು, ನೂರಾರು ಪ್ರತಿಗಳಲ್ಲಿ ಇರುತ್ತದೆ. ಹಾಗಾಗಿ ಒಣಗಿಸಿ ಲಕೋಟೆಯಲ್ಲಿಟ್ಟ ಹಳೆಯ ಮಾದರಿಯ ಚೂರಿನಿಂದಲೂ ಅದನ್ನು ಎತ್ತಬಹುದು. ಜೀನಿನ ಕೆಲವು ಭಾಗಗಳು ಬಹಳ ನಿಧಾನವಾಗಿ ಬದಲಾಗುತ್ತವೆ, ಅವು ದೂರದ ನಂಟಸ್ತಿಕೆಯನ್ನು ಹೇಳುತ್ತವೆ. ನಡುವಿನ ಐಟಿಎಸ್ ಎಂಬ ತುಂಡು ಬೇಗ ಬದಲಾಗುತ್ತದೆ, ಅದು ಅಕ್ಕಪಕ್ಕದ ಪ್ರಭೇದಗಳನ್ನು ಬೇರೆ ಮಾಡುತ್ತದೆ. 2012ರಲ್ಲಿ ಈ ಐಟಿಎಸ್ ತುಂಡನ್ನೇ ಶಿಲೀಂಧ್ರಗಳ ಅಧಿಕೃತ ಬಾರ್‌ಕೋಡ್ ಎಂದು ಒಪ್ಪಿಕೊಳ್ಳಲಾಯಿತು.

ಸ್ವೀಡನ್ನಿನ ಸಾರಾ ಲ್ಯಾಂಡ್ವಿಕ್, ಡೆನ್ಮಾರ್ಕಿನ ಕರೆನ್ ಹ್ಯಾನ್ಸನ್, ಹಾರ್ವರ್ಡಿನ ಡೊನಾಲ್ಡ್ ಫಿಸ್ಟರ್ ಮುಂತಾದವರು ಈ ದಾರಿಯಲ್ಲಿ ಮುಚ್ಚಳದ ಬಟ್ಟಲುಗಳ ವಂಶವೃಕ್ಷವನ್ನು ಹಂತಹಂತವಾಗಿ ಬರೆದರು. 2006ರ ಹೊತ್ತಿಗೆ ಆ ಮರದಲ್ಲಿ ಮೂರು ದೊಡ್ಡ ಕವಲುಗಳು ಸ್ಪಷ್ಟವಾಗಿದ್ದವು. ಪೆಜೈಜಾ ಮತ್ತು ಸಗಣಿಯ ಮೇಲೆ ಬೆಳೆಯುವ ಆಸ್ಕೊಬೋಲಸ್ ಒಂದು ಕಡೆ. ಮೋರೆಲ್, ಹೆಲ್ವೆಲ್ಲಾ, ಟ್ರಫಲ್ ಇನ್ನೊಂದು ಕಡೆ. ನಮ್ಮ ಗುಲಾಬಿ ಕುಕೀನಾ, ಕಿತ್ತಳೆ ಬಣ್ಣದ ಅಲ್ಯೂರಿಯಾ, ಸುಟ್ಟ ನೆಲದಲ್ಲಿ ಹಬ್ಬುವ ಪೈರೊನೀಮಾ ಮೂರನೆಯ ಕಡೆ. ಅಟ್ಟದ ಟ್ರಂಕು ಪೆಜೈಜಾವನ್ನು ತೆರೆದು ನೋಡಿದಾಗ ಒಳಗೆ ಒಂದಕ್ಕೊಂದು ನೇರ ಸಂಬಂಧವಿಲ್ಲದ ಹಲವು ಗುಂಪುಗಳಿದ್ದವು. ಬೇರೆ ಕುಲಗಳೆಂದು ನಾವು ತಿಳಿದಿದ್ದ ಎಷ್ಟೋ ಅಣಬೆಗಳು ಆ ಗುಂಪುಗಳ ನಡುವೆಯೇ ಬಂದು ಕೂತಿದ್ದವು. ಅದನ್ನು ಹಂಚಿ ಹೊಸ ಹೆಸರಿಡುವ ಕೆಲಸ ಈಗಲೂ ನಡೆದಿದೆ.

ಟ್ರಫಲ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಫ್ರಾನ್ಸ್, ಇಟಲಿಯಲ್ಲಿ ನಾಯಿಗಳ ಮೂಗನ್ನು ನಂಬಿ ನೆಲ ಅಗೆದು ತೆಗೆಯುವ ಈ ಗೆಡ್ಡೆಯಂಥ ಅಣಬೆಗೂ ಬಟ್ಟಲಿಗೂ ಏನು ಸಂಬಂಧ? ಅದಕ್ಕೆ ಬಾಯಿಲ್ಲ, ಮುಚ್ಚಳವಿಲ್ಲ, ಬೀಜಾಣು ಸಿಡಿಸುವ ಶಕ್ತಿಯಿಲ್ಲ. ಹಾಗಾಗಿ ಹಳೆಯ ಪಂಡಿತರು ಅವಕ್ಕೆ ಟ್ಯೂಬರೇಲಿಸ್ ಎಂಬ ಪ್ರತ್ಯೇಕ ಗಣವನ್ನೇ ಕೊಟ್ಟಿದ್ದರು. ಕೆಲವರಿಗೆ ಅನುಮಾನವಿತ್ತು. ಟ್ರಫಲ್ ಕತ್ತರಿಸಿದರೆ ಒಳಗೆ ಕಾಣುವ ಅಮೃತಶಿಲೆಯಂಥ ಗೀರುಗಳು ಮಡಚಿ ಮುದುಡಿದ ಬಟ್ಟಲಿನ ಮಡಿಕೆಗಳೇ ಇರಬಹುದೆಂದು ಅವರು ಶಂಕಿಸಿದ್ದರು. 1997ರಲ್ಲಿ ಕೆರಿ ಓಡಾನೆಲ್ ಮತ್ತು ಸಂಗಡಿಗರು ರೈಬೋಸೋಮ್ ಜೀನುಗಳನ್ನು ಹೋಲಿಸಿ ನೋಡಿದಾಗ ಟ್ರಫಲ್‌ಗಳು ಬಟ್ಟಲುಗಳ ಮರದೊಳಗೇ, ಅದೂ ಒಂದೇ ಕಡೆಯಲ್ಲ, ಅಲ್ಲಲ್ಲಿ ಚದುರಿ ಕೂತಿದ್ದವು. ಟ್ಯೂಬರ್ ಕುಲ ಹೆಲ್ವೆಲ್ಲಾದ ದಾಯಾದಿ. ಅರಬ್ ದೇಶಗಳ ಮರಳುಗಾಡಿನ ಟ್ರಫಲ್ ಟರ್ಫೇಜಿಯಾ ಪೆಜೈಜಾ ಮನೆಯ ಮಗು. ಆಮೇಲಿನ ಲೆಕ್ಕದಂತೆ ಪೆಜೈಜೇಲಿಸ್ ಗಣವೊಂದರಲ್ಲೇ ಕನಿಷ್ಠ 15 ಬಾರಿ ಬಟ್ಟಲುಗಳು ನೆಲದೊಳಕ್ಕೆ ಇಳಿದು ಟ್ರಫಲ್ ಆಗಿವೆ.

ಹದಿನೈದು ಸಲ ಅದೇ ಹಾದಿ ಹಿಡಿಯಲು ಏನಿರಬಹುದು ಕಾರಣ? ನೆಲದ ಮೇಲೆ ಬಾಯಿ ತೆರೆದ ಬಟ್ಟಲು ಎರಡು ದಿನದ ಬಿಸಿಲಿಗೆ ಒಣಗಿಹೋಗುತ್ತದೆ. ಮಣ್ಣಿನೊಳಗೆ ತೇವ ಉಳಿಯುತ್ತದೆ, ಆದರೆ ಗಾಳಿ ಇಲ್ಲ. ಗಾಳಿಯ ಬದಲು ಇಲಿ, ಅಳಿಲು, ಹಂದಿಗಳನ್ನು ಕರೆದು ಬೀಜಾಣು ಹೊರಿಸಬೇಕು, ಅದಕ್ಕೆ ಗಮಗಮ ವಾಸನೆ ಬೇಕು. ಸಿಡಿಯುವ ಚೀಲಕ್ಕೆ ಕೆಲಸವಿಲ್ಲದ ಮೇಲೆ ಮುಚ್ಚಳ ಕಳೆದುಹೋಗುತ್ತದೆ. ಬೂದಿಯೆಯ ಗೆರೆ ಇಲ್ಲಿ ಎಡವಿತು, ಅದೂ ಅವನ ತಪ್ಪಿನಿಂದಲ್ಲ. ಗುಣವೊಂದು ಅಳಿಸಿಹೋದ ಜಾಗದಲ್ಲಿ ಅದು ಹಿಂದೆ ಇತ್ತೆಂದು ಕಣ್ಣು ಹೇಗೆ ಹೇಳೀತು? ಆ ಸಾಕ್ಷ್ಯ ಉಳಿದಿರುವುದು ಡಿಎನ್ಎಯಲ್ಲಿ.

2010ರಲ್ಲಿ ಪೆರಿಗೋರ್ ಪ್ರದೇಶದ ಕಪ್ಪು ಟ್ರಫಲ್ಲಿನ ಪೂರ್ಣ ಜೀನೋಮ್ ಪ್ರಕಟವಾಯಿತು. ಸುಮಾರು 12.5 ಕೋಟಿ ಅಕ್ಷರಗಳ ಆ ಪುಸ್ತಕದಲ್ಲಿ ಪ್ರೋಟೀನ್ ತಯಾರಿಸುವ ಜೀನುಗಳು ಏಳೂವರೆ ಸಾವಿರದಷ್ಟೇ. ಪುಸ್ತಕದ 58%ರಷ್ಟನ್ನು ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್ಎ ತುಂಡುಗಳೇ ತುಂಬಿದ್ದವು. ಮೂರು ವರ್ಷದ ನಂತರ ಓದಿದ ಪೈರೊನೀಮಾದ ಜೀನೋಮ್ 5 ಕೋಟಿ ಅಕ್ಷರದ್ದು, ಜೀನುಗಳು ಮಾತ್ರ ಹದಿಮೂರು ಸಾವಿರದ ಮೇಲೆ. ಗಾತ್ರಕ್ಕೂ ಜೀನಿನ ಸಂಖ್ಯೆಗೂ ತಾಳೆಯಿಲ್ಲ. ಟ್ರಫಲ್ ಜೀನೋಮಿನಿಂದ ರೈತರಿಗೂ ಒಂದು ಉಪಕಾರವಾಯಿತು. ಒಂದೇ ಎಳೆ ತನ್ನಷ್ಟಕ್ಕೆ ತಾನೇ ಟ್ರಫಲ್ ಕೊಡುತ್ತದೆಂದು ಬಹುಕಾಲ ನಂಬಲಾಗಿತ್ತು. ಎರಡು ಬೇರೆ ಸಂಯೋಗ ವರ್ಗದ ಎಳೆಗಳು ಕೂಡಿದರೆ ಮಾತ್ರ ಫಲ ಎಂಬುದು ಅದರ ಸಂಯೋಗ ಜೀನುಗಳನ್ನು ಓದಿದಾಗ ತಿಳಿಯಿತು. ತೋಟದಲ್ಲಿ ಒಂದೇ ವರ್ಗ ಬೇರೂರಿದ್ದರೆ ಎಷ್ಟು ವರ್ಷ ಕಾದರೂ ಟ್ರಫಲ್ ಸಿಗದು.

ಟ್ರಫಲ್ ಬಟ್ಟಲಿನಂತೆ ಕಾಣದೆ ಬಟ್ಟಲಿನ ನೆಂಟ. ತಿರುವುಮುರುವಾದ ಕಥೆ ನಿಯೊಲೆಕ್ಟಾದ್ದು. ಹಳದಿ ಬಣ್ಣದ, ನಾಲಿಗೆಯಂಥ ಈ ಪುಟ್ಟ ಅಣಬೆಯನ್ನು ಬಟ್ಟಲು ಅಣಬೆಗಳ ದೊಡ್ಡ ಬಳಗದಲ್ಲೇ ಇಟ್ಟಿದ್ದರು. 1990ರ ದಶಕದಲ್ಲಿ ಲ್ಯಾಂಡ್ವಿಕ್ ಅದರ ಜೀನು ಓದಿ ನೋಡಿದರೆ ಅದು ಆ ಬಳಗಕ್ಕೆ ಸೇರಿಯೇ ಇಲ್ಲ. ಫಲಕಾಯವನ್ನೇ ಕಟ್ಟದ, ಯೀಸ್ಟಿನಂಥ ಬಾಳು ಬಾಳುವ ಒಂದು ಹಳೆಯ ಕವಲಿನಲ್ಲಿ ಒಂಟಿಯಾಗಿ ಕೂತಿದೆ. ಅದರ ಜೀನೋಮ್ ಕೂಡ ಆ ಕವಲಿನ ಯೀಸ್ಟುಗಳದ್ದರಂತೆ ಚಿಕ್ಕದು. ಇಷ್ಟು ಕಡಿಮೆ ಬಂಡವಾಳದಲ್ಲಿ ಅದು ಕಣ್ಣಿಗೆ ಕಾಣುವ ಫಲಕಾಯವನ್ನು ಹೇಗೆ ಕಟ್ಟುತ್ತದೆ ಎಂಬುದು ಜೀವವಿಕಾಸದ ಬಹು ಚಂದದ ಪ್ರಶ್ನೆಗಳಲ್ಲೊಂದು. ಭೂಮಿನಾಲಿಗೆಗಳೆಂಬ ಕಪ್ಪು ಅಣಬೆಗಳೂ ಹೀಗೆಯೇ ಹಳೆಯ ಮನೆ ಬಿಟ್ಟು 2009ರಲ್ಲಿ ತಮ್ಮದೇ ಪ್ರತ್ಯೇಕ ವರ್ಗ ಪಡೆದವು. ಇಂಥ ಸ್ಥಳಾಂತರಗಳು ಹೆಚ್ಚಿದ ಮೇಲೆ, 2007ರಲ್ಲಿ 67 ವಿಜ್ಞಾನಿಗಳು ಕೂಡಿ ಬರೆದ ಶಿಲೀಂಧ್ರಗಳ ಹೊಸ ವರ್ಗೀಕರಣದಲ್ಲಿ ಡಿಸ್ಕೊಮೈಸೀಟ್ಸ್, ಎಂದರೆ ಬಟ್ಟಲು ಅಣಬೆಗಳು ಎಂಬ ವರ್ಗಕ್ಕೆ ಜಾಗವೇ ಇರಲಿಲ್ಲ. ಬಟ್ಟಲು ಈಗ ಆಕಾರದ ಹೆಸರು, ಕುಲದ ಹೆಸರಲ್ಲ.

ಆ ಆಕಾರ ನಮ್ಮ ಅಡುಗೆಮನೆಗೂ ಬಂದಿದೆ. ಪಲಾವಿಗೋ ಬಿಸಿಬೇಳೆಬಾತಿನ ಪುಡಿಗೋ ಹಾಕುವ ಕಲ್ಲುಹೂವನ್ನು ಮಸಾಲೆ ಡಬ್ಬಿಯಿಂದ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಬೂದು ಬಣ್ಣದ ಎಲೆಯಂಥ ಪಕಳೆ, ಅಡಿಭಾಗ ಕಪ್ಪು. ನಾಲ್ಕಾರು ಚೂರು ತಿರುವಿ ಹಾಕಿದರೆ ಕೆಲವುಗಳ ಮೇಲೆ ಕಂದು ಬಣ್ಣದ ಪುಟ್ಟ ತಟ್ಟೆಗಳು ಕಾಣಸಿಗಬಹುದು. ಆ ತಟ್ಟೆ ಬಟ್ಟಲು ಅಣಬೆಯ ಬಟ್ಟಲೇ. ಕಲ್ಲುಹೂವು ಸಸ್ಯವಲ್ಲ, ಶಿಲೀಂಧ್ರವೂ ಪಾಚಿಯೂ ಒಟ್ಟಿಗೆ ಸಂಸಾರ ಹೂಡಿದ ಕಲ್ಲುಪಾಚಿ. ಬಟ್ಟಲು ಕಟ್ಟುವ ಶಿಲೀಂಧ್ರಗಳಲ್ಲಿ ಬಹುದೊಡ್ಡ ಪಾಲು ಹೀಗೆ ಪಾಚಿಯ ಜೊತೆ ಬಾಳುವಂಥವು. ಕಲ್ಲುಪಾಚಿಗಳನ್ನು ಹಿಂದೆ ಬೇರೆಯದೇ ಜೀವವರ್ಗವೆಂದು ನೋಡುತ್ತಿದ್ದರು. 1995ರಲ್ಲಿ ಆಂದ್ರೆಯಾ ಗಾರ್ಗಸ್ ಮತ್ತು ಜೊತೆಗಾರರು ಈ ಸಂಸಾರ ಶಿಲೀಂಧ್ರಗಳಲ್ಲಿ ಬೇರೆಬೇರೆಯಾಗಿ ಹಲವು ಸಲ ಹುಟ್ಟಿದೆ ಎಂದು ಜೀನುಗಳ ಮೂಲಕ ತೋರಿಸಿದರು. 2001ರಲ್ಲಿ ಫ್ರಾಂಸ್ವಾ ಲುಟ್ಸೋನಿ ತಂಡ ಇನ್ನೂ ಮುಂದೆ ಹೋಗಿ, ಇಂದು ಸ್ವತಂತ್ರವಾಗಿ ಬಾಳುವ ಕೆಲವು ದೊಡ್ಡ ಶಿಲೀಂಧ್ರ ಕವಲುಗಳ ಪೂರ್ವಜರು ಕಲ್ಲುಪಾಚಿಗಳಾಗಿದ್ದರು ಎಂದು ವಾದಿಸಿತು. ಈ ಎರಡನೆಯ ಮಾತಿಗೆ ಬಂದ ಆಕ್ಷೇಪಣೆಗಳಲ್ಲಿ ಹುರುಳಿದೆ ಎಂದು ನನ್ನ ಅನಿಸಿಕೆ. ಮರದಲ್ಲಿ ಯಾವ ಪ್ರಭೇದಗಳನ್ನು ಸೇರಿಸಿಕೊಂಡಿರಿ ಎಂಬುದರ ಮೇಲೆ ಉತ್ತರ ಬಹಳ ವಾಲುತ್ತದೆ.

ವರ್ಗೀಕರಣವೆಂದರೆ ಹೆಸರಿನ ಜಗಳ, ಅದರಿಂದ ಯಾರಿಗೇನು ಎಂದು ಕೇಳುವವರಿಗೆ ನಾನು ಹೇಳುವುದು ಯುರೋಪಿನ ಆ್ಯಶ್ ಮರಗಳ ಕಥೆ. 1990ರ ದಶಕದ ಮೊದಲಲ್ಲಿ ಪೋಲೆಂಡಿನಲ್ಲಿ ಆ್ಯಶ್ ಮರಗಳು ತುದಿಯಿಂದ ಒಣಗತೊಡಗಿದವು. ರೋಗ ದೇಶದಿಂದ ದೇಶಕ್ಕೆ ಹಬ್ಬಿತು. 2006ರಲ್ಲಿ ರೋಗದ ಶಿಲೀಂಧ್ರವನ್ನು ಬೇರ್ಪಡಿಸಿ ಕಲಾರಾ ಫ್ರಾಕ್ಸಿನಿಯಾ ಎಂದು ಹೆಸರಿಟ್ಟರು. ಅದು ಶಿಲೀಂಧ್ರದ ಬಟ್ಟಲಿಲ್ಲದ ಅವತಾರ. ಅದರ ಬಟ್ಟಲು ಯಾವುದು ಎಂದು ಹುಡುಕಿದಾಗ ಉದುರಿದ ಎಲೆಗಳ ತೊಟ್ಟಿನ ಮೇಲೆ ಬೇಸಿಗೆಯಲ್ಲಿ ಏಳುವ, ಕೆಲವೇ ಮಿಲಿಮೀಟರ್ ಅಗಲದ ಬಿಳಿ ಬಟ್ಟಲುಗಳು ಸಿಕ್ಕವು. ನೋಡಿದರೆ ಅದು ಹೈಮೆನೊಸೈಫಸ್ ಆಲ್ಬಿಡಸ್, ಹತ್ತೊಂಬತ್ತನೇ ಶತಮಾನದಿಂದಲೇ ಯುರೋಪಿನಲ್ಲಿ ಗೊತ್ತಿದ್ದ, ಬಿದ್ದ ಎಲೆ ಕೊಳೆಸಿಕೊಂಡು ತನ್ನ ಪಾಡಿಗೆ ತಾನಿದ್ದ ಸಾಧು ಅಣಬೆ. ಊರಿನ ಸಾಧು ಇದ್ದಕ್ಕಿದ್ದಂತೆ ಕೊಲೆಗಾರನಾದದ್ದು ಹೇಗೆ? ಹವಾಮಾನ ಬದಲಾಯಿತೇ, ಮರಗಳೇ ಸೊರಗಿದವೇ ಎಂದೆಲ್ಲ ತಲೆ ಕೆಡಿಸಿಕೊಂಡರು.

ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಜೀನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಬಟ್ಟಲು ಒಂದೇ ತರಹ ಇದ್ದರೂ ಒಳಗೆ ಎರಡು ಪ್ರಭೇದಗಳಿದ್ದವು. ಸಾಧು ಸಾಧುವಾಗಿಯೇ ಇದ್ದ, ಅವನ ವೇಷದಲ್ಲಿ ಬಂದಿದ್ದವನು ಪರದೇಶಿ. ಜಪಾನಿನಲ್ಲಿ ಮಂಚೂರಿಯಾದ ಆ್ಯಶ್ ಮರದ ಎಲೆಗಳ ಮೇಲೆ, ಬೇರೊಂದು ಹೆಸರಿನಲ್ಲಿ, ಅದೇ ಅಣಬೆ ಇರುವುದು 2012ರ ಹೊತ್ತಿಗೆ ತಿಳಿಯಿತು. ಪೂರ್ವ ಏಷ್ಯಾದ ಮರ ಅದರೊಡನೆ ಹೊಂದಿಕೊಂಡು ಬಾಳಿದೆ, ಯುರೋಪಿನ ಮರಕ್ಕೆ ಆ ಅನುಭವವಿಲ್ಲ. ಇಂದು ಅದರ ಹೆಸರು ಹೈಮೆನೊಸೈಫಸ್ ಫ್ರಾಕ್ಸಿನಿಯಸ್. 2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನದಂತೆ ಯುರೋಪಿನ ಅಷ್ಟೂ ಸಂತತಿ ಏಷ್ಯಾದಿಂದ ಬಂದ ಎರಡೇ ಎರಡು ಜೀವಿಗಳಿಂದ ಹುಟ್ಟಿದ್ದು. ಒಂದು ಖಂಡದ ಆ್ಯಶ್ ಮರಗಳನ್ನು ಒಣಗಿಸಲು ಎರಡು ಜೀವಿಗಳು ಸಾಕಾದವು. ಸರಿಯಾದ ಹೆಸರು ಸಿಗಲು ತಡವಾದ ಆ ವರ್ಷಗಳಲ್ಲಿ ರೋಗವನ್ನು ಸ್ಥಳೀಯವೆಂದೇ ಎಣಿಸಲಾಗಿತ್ತು, ಸಸಿಗಳು ಗಡಿ ದಾಟಿ ಓಡಾಡುತ್ತಲೇ ಇದ್ದವು. ನನಗೆ ಈ ಸಂಗತಿ ನೆನೆದಾಗಲೆಲ್ಲ ಹೊಟ್ಟೆ ಕಲಸುತ್ತದೆ.

ಭೂಗೋಳದ ಒಗಟುಗಳಿಗೂ ಈ ವಿದ್ಯೆ ಕೈಹಾಕಿದೆ. ಕೊರಿಯಾಕ್ಟಿಸ್ ಎಂಬ ಅಣಬೆ ಕಂದು ಚುಟ್ಟಾದಂತೆ ನೆಲದಿಂದ ಎದ್ದು, ಆಮೇಲೆ ನಕ್ಷತ್ರದಂತೆ ಸೀಳಿ, ಬುಸ್ಸೆಂದು ಬೀಜಾಣು ಉಗುಳುತ್ತದೆ. 1893ರಲ್ಲಿ ಅಮೆರಿಕದ ಟೆಕ್ಸಸ್ಸಿನಿಂದ ವರದಿಯಾದ ಇದು ಮತ್ತೆ ಕಂಡದ್ದು ಸಾವಿರಾರು ಮೈಲಿ ಆಚೆ ಜಪಾನಿನಲ್ಲಿ. ಯಾರಾದರೂ ಮರದ ದಿಮ್ಮಿಯೊಂದಿಗೆ ಸಾಗಿಸಿದರೇ? 2004ರ ಅಧ್ಯಯನದಲ್ಲಿ ಎರಡೂ ಕಡೆಯ ಡಿಎನ್ಎ ಹೋಲಿಸಿದಾಗ ಅವು ಬೇರೆಯಾಗಿ ಕನಿಷ್ಠ 1.9 ಕೋಟಿ ವರ್ಷ ಆಗಿದೆ ಎಂದು ಕಂಡಿತು. ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಮುಂಚಿನ ಮಾತು.

ಹಿಮಾಚಲ, ಕಾಶ್ಮೀರದ ಬೆಟ್ಟದ ಜನ ಹಿಮ ಕರಗಿದ ಮೇಲೆ ಆರಿಸಿ ತಂದು ದುಬಾರಿ ಬೆಲೆಗೆ ಮಾರುವ ಗುಚ್ಛಿ, ಅಂದರೆ ಮೋರೆಲ್, ಕೂಡ ಮುಚ್ಚಳದ ಬಟ್ಟಲುಗಳ ಬಳಗದ್ದು. ಜೇನುಗೂಡಿನಂಥ ಅದರ ತಲೆಯ ಒಂದೊಂದು ಗುಳಿಯೂ ಬೀಜಾಣು ಚೀಲಗಳನ್ನು ಹಾಸಿಕೊಂಡಿದೆ. ಹಳೆಯ ಪುಸ್ತಕಗಳು ಯುರೋಪಿನ ನಾಲ್ಕೈದು ಹೆಸರುಗಳನ್ನೇ ಜಗತ್ತಿನ ಎಲ್ಲ ಮೋರೆಲ್‌ಗಳಿಗೂ ಹಚ್ಚಿದ್ದವು. 2011ರಲ್ಲಿ ಓಡಾನೆಲ್ ತಂಡ ಹಲವು ಜೀನು ಓದಿ, ಹತ್ತಾರು ಪ್ರಭೇದಗಳಿವೆ, ಬಹುತೇಕ ಎಲ್ಲವೂ ತಮ್ಮತಮ್ಮ ಖಂಡಕ್ಕೇ ಕಟ್ಟುಬಿದ್ದಿವೆ ಎಂದು ತೋರಿಸಿತು. ಅವರ ಲೆಕ್ಕದಲ್ಲಿ ಆ ಕುಲದ ಮೂಲ ಸುಮಾರು 12.9 ಕೋಟಿ ವರ್ಷಗಳ ಹಿಂದಿನದು. ಇಲ್ಲಿ ಬಾರ್‌ಕೋಡಿನ ಮಿತಿಯೂ ಕಂಡಿತು: ಐಟಿಎಸ್ ಒಂದನ್ನೇ ನೆಚ್ಚಿದರೆ ಕೆಲವು ಮೋರೆಲ್‌ಗಳನ್ನು ಬೇರೆ ಮಾಡಲು ಬರುವುದಿಲ್ಲ.

ಈ ಕೋಟಿ ವರ್ಷಗಳ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದ ತೆಗೆದುಕೊಳ್ಳಬೇಕು. ಜೀನಿನ ಗಡಿಯಾರ ತಾನಾಗಿ ವರ್ಷ ಹೇಳುವುದಿಲ್ಲ, ಯಾವುದಾದರೂ ಪಳೆಯುಳಿಕೆಗೆ ಅದನ್ನು ಹೊಂದಿಸಬೇಕು. ಮೆತ್ತಗಿನ ಬಟ್ಟಲು ಕಲ್ಲಾಗುವುದು ಅಪರೂಪ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ 40 ಕೋಟಿ ವರ್ಷ ಹಳೆಯ ಪೇಲಿಯೊಪೈರೆನೊಮೈಸೈಟೀಸ್ ಬೀಜಾಣುಗಳನ್ನು ಚೀಲದಲ್ಲಿ ಕಟ್ಟುವ ಶಿಲೀಂಧ್ರಗಳ ಪ್ರಸಿದ್ಧ ಪಳೆಯುಳಿಕೆ, ಆದರೆ ಅದು ಬಟ್ಟಲಲ್ಲ, ಕುಡಿಕೆಯಾಕಾರದ್ದು. ಜೀನುಗಳೋ ಬಟ್ಟಲೇ ಮೊದಲು, ಕುಡಿಕೆ ಆಮೇಲೆ ಎನ್ನುತ್ತವೆ. 2004ರಲ್ಲಿ ಲಿಯು ಮತ್ತು ಹಾಲ್ ಆರ್‌ಎನ್‌ಎ ಪಾಲಿಮರೇಸ್ ಜೀನಿನಿಂದ ಇದನ್ನೇ ವಾದಿಸಿದ್ದರು. ಹಾಗಾದರೆ ಆ ಪಳೆಯುಳಿಕೆಯನ್ನು ಮರದ ಯಾವ ಕೊಂಬೆಗೆ ತೂಗುಹಾಕಬೇಕು? ಈ ಕೊಂಬೆಗೆ ಹಾಕಿದರೆ ಒಂದು ವಯಸ್ಸು, ಆ ಕೊಂಬೆಗೆ ಹಾಕಿದರೆ ಹತ್ತಾರು ಕೋಟಿ ವರ್ಷ ಹಿಂದು ಮುಂದಾದ ಇನ್ನೊಂದು ವಯಸ್ಸು. ಯಾವುದು ಯಾವುದರಿಂದ ಕವಲೊಡೆಯಿತು ಎಂಬ ಕ್ರಮವನ್ನು ನಾನು ಧೈರ್ಯವಾಗಿ ನಂಬುತ್ತೇನೆ. ತಾರೀಖುಗಳನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.

ಇನ್ನೊಂದು ಎಚ್ಚರ ಸಾರ್ವಜನಿಕ ದತ್ತಾಂಶದ ಬಗ್ಗೆ. ಕಂಪ್ಯೂಟರಿನಲ್ಲಿ ಡಿಎನ್ಎಯ ಅಕ್ಷರಮಾಲೆ ಹಾಕಿದರೆ ಕ್ಷಣದಲ್ಲಿ ಹೆಸರು ಬರುತ್ತದೆ. ಆ ಹೆಸರನ್ನು ಯಾರೋ ಒಬ್ಬರು ಎಂದೋ ಹಚ್ಚಿದ್ದು. 2006ರಲ್ಲಿ ಹೆನ್ರಿಕ್ ನಿಲ್ಸನ್ ಮತ್ತು ಸಂಗಡಿಗರು ಪರಿಶೀಲಿಸಿದಾಗ ಸಾರ್ವಜನಿಕ ಭಂಡಾರದ ಶಿಲೀಂಧ್ರ ಅಕ್ಷರಮಾಲೆಗಳಲ್ಲಿ 20%ರಷ್ಟಕ್ಕೆ ತಪ್ಪು ಪ್ರಭೇದದ ಹೆಸರು ಇದ್ದಿರಬಹುದೆಂದು ಅಂದಾಜಿಸಿದ್ದರು. ತಪ್ಪು ಹೆಸರಿನ ಒಂದು ಮಾದರಿ ಹತ್ತು ಲೇಖನಗಳಿಗೆ ತಪ್ಪನ್ನು ಹರಡುತ್ತದೆ. ಹಿಂತಿರುಗಿ ನೋಡಲು ಒಣಗಿದ ಮಾದರಿ ಎಲ್ಲೂ ಇಲ್ಲದಿದ್ದರೆ ಆ ತಪ್ಪನ್ನು ತಿದ್ದುವ ದಾರಿಯೇ ಇಲ್ಲ. ಡಿಎನ್ಎ ಬಂತೆಂದು ಸೂಕ್ಷ್ಮದರ್ಶಕವನ್ನು ಮೂಲೆಗಿಡುವವರನ್ನು ಕಂಡರೆ ನನಗೆ ದಿಗಿಲಾಗುವುದು ಇದಕ್ಕೇ. ಅಯೋಡಿನ್ ಹನಿ ಬಿದ್ದಾಗ ಪೆಜೈಜಾ ಬಳಗದ ಚೀಲಗಳು ನೀಲಿಯಾಗುತ್ತವೆ ಎಂಬ ಹಳೆಯ ಪರೀಕ್ಷೆ ಜೀನುಗಳ ಮರದಲ್ಲೂ ಅರ್ಥಪೂರ್ಣವಾಗಿ ಉಳಿಯಿತು. ಕಣ್ಣೂ ಅಕ್ಷರವೂ ಒಂದನ್ನೊಂದು ತಿದ್ದುತ್ತ ಬಂದದ್ದರಿಂದಲೇ ಈ ಮರ ಇಷ್ಟು ಗಟ್ಟಿಯಾಗಿದೆ. ಕಾಡಿಗೆ ಬೆಂಕಿ ಬಿದ್ದ ಮೇಲಷ್ಟೇ ಕಾಣಿಸಿಕೊಳ್ಳುವ ಬಟ್ಟಲುಗಳು ಉಳಿದ ವರ್ಷಗಳಲ್ಲಿ ಎಲ್ಲಿರುತ್ತವೆ ಎಂಬುದು ಕಣ್ಣಿಗೆ ಕಾಣದು, ಅದನ್ನೂ ಡಿಎನ್ಎ ಹೇಳತೊಡಗಿದೆ. ಅಮೆರಿಕದ ಸ್ಮೋಕಿ ಬೆಟ್ಟಗಳಲ್ಲಿ ಅವುಗಳ ಡಿಎನ್ಎ ಹಸಿರು ಹಾವಸೆಯ ಮತ್ತು ಕಲ್ಲುಪಾಚಿಗಳ ಒಡಲಲ್ಲಿ ಸಿಕ್ಕಿತು. ಬಟ್ಟಲು ಏಳದ ಕಾಲದಲ್ಲೂ ಅಣಬೆ ಅಲ್ಲೇ ಬಾಳುತ್ತಿರಬಹುದು.

ನಮ್ಮಲ್ಲಿ 1950ರ ದಶಕದಲ್ಲಿ ಪಂಜಾಬ್ ವಿಶ್ವವಿದ್ಯಾಲಯದ ಕೆ.ಎಸ್. ಥಿಂಡ್ ಮತ್ತು ಶಿಷ್ಯರು ಮಸ್ಸೂರಿ ಬೆಟ್ಟಗಳ ಬಟ್ಟಲುಗಳನ್ನು ಶ್ರದ್ಧೆಯಿಂದ ವಿವರಿಸಿದರು. ಅಂಥ ಕೆಲಸ ಪಶ್ಚಿಮ ಘಟ್ಟಕ್ಕೆ ಇನ್ನೂ ಬಹಳ ಬೇಕು. ಇಲ್ಲಿನ ಎಷ್ಟೋ ಬಟ್ಟಲುಗಳು ಯುರೋಪ್, ಅಮೆರಿಕದ ಹೆಸರು ಹೊತ್ತು ಕೂತಿವೆ, ಮೋರೆಲ್‌ಗಳು ಒಂದು ಕಾಲದಲ್ಲಿ ಕೂತಿದ್ದಂತೆ. ಕುಕೀನಾ ಕುಲದ ಜೀನುಗಳ ಅಧ್ಯಯನ 2002ರಲ್ಲೇ ಪ್ರಕಟವಾಗಿದೆ. ನಮ್ಮ ಕಾಡಿನ ಗುಲಾಬಿ ಬಟ್ಟಲು ಆ ಮರದಲ್ಲಿ ನಿಜಕ್ಕೂ ಎಲ್ಲಿ ಕೂರುತ್ತದೆಂದು ನೋಡಲು ಬೇಕಾದ್ದು ಅಂಥ ದುಬಾರಿ ಸಾಮಗ್ರಿಯೇನಲ್ಲ. ಕಿತ್ತ ಕೂಡಲೇ ಒಂದು ಫೋಟೊ, ಯಾವ ಮರದ ಟೊಂಗೆ ಎಂಬ ಟಿಪ್ಪಣಿ, ಗಾಜಿನ ಮೇಲೆ ಹಿಡಿದ ಬೀಜಾಣು. ಅಕ್ಕಿಕಾಳಿನಷ್ಟು ಚೂರನ್ನು ಸಿಲಿಕಾ ಜೆಲ್ ಇರುವ ಸಣ್ಣ ಶೀಶೆಯಲ್ಲಿ ಹಾಕಿಡಬೇಕು. ಉಳಿದ ಬಟ್ಟಲನ್ನು ಒಣಗಿಸಿ ಕಾಗದದ ಲಕೋಟೆಯಲ್ಲಿಟ್ಟು, ತಾರೀಖು ಮತ್ತು ಜಾಗ ಬರೆದು, ಹರ್ಬೇರಿಯಮ್ಮಿಗೆ ಕೊಡಬೇಕು. ಲಕೋಟೆಯೊಳಗೆ ಗುಲಾಬಿ ಬಣ್ಣ ಕೆಲವೇ ದಿನಗಳಲ್ಲಿ ಮಾಸಿ ಬಟ್ಟಲು ಒಣ ಸಿಪ್ಪೆಯಂತಾಗುತ್ತದೆ. ಅದರೊಳಗಿನ ಅಕ್ಷರಗಳು ಮಾತ್ರ ಹತ್ತಾರು ವರ್ಷ ಓದಲು ಸಿಗುವಂತೆ ಉಳಿದಿರುತ್ತವೆ.